ಹೇಂಟೆಗೆ ಯಾವ ಗೂಡು: ಬುಟ್ಟಿಯೋ, ಕ್ರೇಟೋ, ಹಲಗೆ ಪೆಟ್ಟಿಗೆಯೋ?

ಮಳೆಗೆ ಮೊದಲು ಸೌದೆ ಒಳಗೆ ಹಾಕುವಾಗ ರಾಶಿಯ ಹಿಂದೆ 17 ಮೊಟ್ಟೆ ಸಿಕ್ಕವು. ಒಣ ಮಡಲಿನ ಕೆಳಗೆ ಬೋಗುಣಿಯಷ್ಟು ಕುಳಿ ಮಾಡಿ, ಒಂದಕ್ಕೊಂದು ತಾಗಿಸಿ ಇಟ್ಟಿದ್ದವು ನಮ್ಮ ಹೇಂಟೆಗಳು. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ ನಾನು ದುಡ್ಡು ಕೊಟ್ಟು ಮಾಡಿಸಿದ ಮೂರು ಕೋಣೆಯ ಪೆಟ್ಟಿಗೆ. ಅದರಲ್ಲಿ ಇದ್ದದ್ದು ಜೇಡರ ಬಲೆ ಮಾತ್ರ. ಪಕ್ಕದ ಮನೆ ಅಜ್ಜಿ ಬೇಲಿಯಾಚೆಯಿಂದಲೇ ನಕ್ಕರು. "ಹೇಂಟೆ ಯಾರಿಗೂ ಕಾಣದ ಜಾಗ ಹುಡುಕ್ತದೆ. ನೀ ಅಂಗಳದ ನಡುವೆ ಬೆಳಕಿಗೆ ಇಟ್ರೆ ಹ್ಯಾಂಗೆ ಬರ್ತದೆ ಮಾರಾಯ್ತಿ?"

ಈ ಕಥೆಯನ್ನು ಮೂರು ಜನರ ಹತ್ತಿರ ಹೇಳಿಕೊಂಡೆ. ಮೂವರೂ ತಿರುಗಿ ನನ್ನನ್ನೇ ಕೇಳಿದರು. ಶಿರಸಿ ಹತ್ತಿರದ ಅತ್ತಿಗೆಗೆ ಆರು ನಾಟಿ ಹೇಂಟೆ. ಬುಟ್ಟಿ ಕಟ್ಟಿದರೆ ಸಾಕಾ ಅಂತ. ಕಾರವಾರದ ಕೋಡಿಬಾಗದಲ್ಲಿರುವ ಚಿಕ್ಕಮ್ಮನ ಮಗನಿಗೆ ಮನೆ ಹಿಂದೆ ನಾಲ್ಕು ಮಾರು ಜಾಗ, ನಾಲ್ಕೇ ಕೋಳಿ. ಪ್ಲಾಸ್ಟಿಕ್ ಕ್ರೇಟ್ ಇಡಲಾ ಅಂತ. ಅಂಕೋಲಾ ಕಡೆಯ ಗೆಳತಿಯೊಬ್ಬಳು ಹೊಸದಾಗಿ ಸ್ವರ್ಣಧಾರ ತಳಿಯ 20 ಕೋಳಿ ಸಾಕಿದ್ದಾಳೆ. ಅವಳಿಗೆ ಮೊಟ್ಟೆ ತಾನೇ ಉರುಳಿ ಹೊರಗೆ ಬರುವ ತಗಡಿನ ಗೂಡು ತರಿಸುವ ಆಸೆ. ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಯಾಕೆ ಅಂತ ಬರೆಯುತ್ತೇನೆ.

ಮೊದಲು ಏನು ನೋಡಬೇಕು

ಅಂಗಡಿಯಲ್ಲಿ ನಿಂತಾಗ ನಾವು ಮೊದಲು ಕೇಳುವುದು ರೇಟು. ಕೋಳಿ ಗೂಡಿನ ಮಟ್ಟಿಗೆ ಅದನ್ನು ಕೊನೆಗೆ ಕೇಳಿ. ಮೊದಲು ಹೇಂಟೆ ಏನು ಕೇಳುತ್ತದೆ ನೋಡಿ.

ಅದಕ್ಕೆ ಬೇಕಾದ್ದು ಕತ್ತಲು ಮತ್ತು ಮರೆ. ನಮ್ಮ ಊರುಕೋಳಿಗಳ ಮೂಲ ಕೆಂಪು ಕಾಡುಕೋಳಿ. ಅದು ಪೊದೆಯ ಬುಡದಲ್ಲಿ ನೆಲ ಕೆರೆದು, ತರಗೆಲೆ ಎಳೆದುಕೊಂಡು ಮೊಟ್ಟೆ ಇಡುತ್ತದೆ. ಶಿರಸಿ, ಯಲ್ಲಾಪುರದ ಕಾಡಲ್ಲಿ ಬೆಳಗ್ಗೆ ಕೂಗುವುದು ಬೂದು ಕಾಡುಕೋಳಿ, ಅದರ ದಾಯಾದಿ. ಅದರ ಪಾಲೂ ನಮ್ಮ ಕೋಳಿಯಲ್ಲಿ ಇದೆ: ಹಳದಿ ಕಾಲಿನ ಗುಣ ಊರುಕೋಳಿಗೆ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಅಂದರೆ ನಿಮ್ಮ ಹಿತ್ತಲಲ್ಲಿ ಕಾಳು ಹೆಕ್ಕುವ ಹೇಂಟೆ ಅರ್ಧ ಕಾಡಿನದ್ದೇ. ಬೆಳಕಲ್ಲಿ, ಜನ ಓಡಾಡುವ ದಾರಿಯಲ್ಲಿ, ನಾಯಿ ಮಲಗುವ ಕಡೆ ಎಷ್ಟು ಚಂದದ ಪೆಟ್ಟಿಗೆ ಇಟ್ಟರೂ ಅದು ಒಳಗೆ ಇಣುಕಿ ಮುಂದೆ ಹೋಗುತ್ತದೆ.

ಎರಡನೆಯದು ಒಣ. ನಮ್ಮ ಕಡೆ ನಿಜವಾದ ಪರೀಕ್ಷೆ ಇದೇ. ಕರಾವಳಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ದಾಟುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಬಯಲುಸೀಮೆಯವರು ಹೇಳುವ ಗೂಡು ಅಲ್ಲಿ ಸರಿ. ಇಲ್ಲಿ ಜುಲೈ ಎರಡನೇ ವಾರಕ್ಕೆ ಅದರೊಳಗಿನ ಹುಲ್ಲು ಬೂಷ್ಟು ಹಿಡಿದಿರುತ್ತದೆ. ಬೂಷ್ಟು ಹಿಡಿದ ಹುಲ್ಲಿನ ಗಾಳಿ ಕೋಳಿಯ ಶ್ವಾಸಕ್ಕೆ ಕೆಟ್ಟದ್ದು. ಅಲ್ಲಿಟ್ಟ ಮೊಟ್ಟೆ ಬೇಗ ಕೆಡುತ್ತದೆ. ಅದಕ್ಕೂ ಮೊದಲು ಹೇಂಟೆಯೇ ಆ ಗೂಡು ಬಿಟ್ಟು ನಿಮ್ಮ ಜಗುಲಿಯ ಮೂಲೆಯ ಗೋಣಿಚೀಲದ ಮೇಲೆ ಕೂತಿರುತ್ತದೆ. ಹಾಗಾಗಿ ಯಾವ ಗೂಡು ತಂದರೂ ನಾನು ಕೇಳುವುದು ಒಂದೇ: ಆಟಿ ತಿಂಗಳ ಜಡಿಮಳೆಯಲ್ಲಿ ಇದು ಒಣಗಿರುತ್ತದಾ?

ಮೂರನೆಯದು ಕಳ್ಳರು. ಮುಂಗುಸಿ, ಉಡ, ಕಾಗೆ, ಕೆಂಬೂತ, ನಾಗರಹಾವು, ಎಲ್ಲಕ್ಕೂ ಮೊಟ್ಟೆ ಇಷ್ಟ. ಉಡವನ್ನು ಹೊಡೆಯಲು ಹೋಗಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ಹುಲಿಗೆ ಇರುವಂಥದ್ದೇ ರಕ್ಷಣೆ ಇದೆ. ಸಂದು ಮುಚ್ಚುವುದೊಂದೇ ದಾರಿ.

ಉಳಿದದ್ದು ನಿಮ್ಮ ತಳಿ ಯಾವುದು, ಎಷ್ಟು ಇವೆ, ಹೇನು ಬಿದ್ದರೆ ಆ ಗೂಡು ತೊಳೆಯಲು ಆಗುತ್ತದಾ, ಆಮೇಲೆ ದುಡ್ಡು.

ಅಳತೆ ಮಾತ್ರ ಎಲ್ಲ ಗೂಡಿಗೂ ಹೆಚ್ಚುಕಡಿಮೆ ಒಂದೇ. ನಾಟಿ ಹೇಂಟೆಗೆ ಉದ್ದ, ಅಗಲ, ಎತ್ತರ ಎಲ್ಲ 12 ಇಂಚು. ಗಿರಿರಾಜದಂಥ ದಪ್ಪ ಕೋಳಿಗೆ 14 ಇಂಚು. ಮುಂದೆ 4 ಇಂಚಿನ ಅಡ್ಡಪಟ್ಟಿ, ಇಲ್ಲದಿದ್ದರೆ ಹುಲ್ಲೂ ಮೊಟ್ಟೆಯೂ ಕೆಳಗೆ ಬೀಳುತ್ತವೆ. ನೆಲದಿಂದ ಒಂದೂವರೆ ಎರಡು ಅಡಿ ಮೇಲೆ. ಆದರೆ ರಾತ್ರಿ ಕೂರುವ ಗಳ ಅದಕ್ಕಿಂತ ಎತ್ತರದಲ್ಲಿ ಇರಬೇಕು. ಇದನ್ನು ತುಂಬ ಜನ ಮರೆಯುತ್ತಾರೆ. ಕೋಳಿ ಯಾವತ್ತೂ ಇರುವುದರಲ್ಲಿ ಎತ್ತರದ ಜಾಗದಲ್ಲಿ ಮಲಗುತ್ತದೆ. ಗೂಡು ಮೇಲಿದ್ದರೆ ಅಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕಿ, ಬೆಳಗ್ಗೆ ಆ ಕೊಳಕಲ್ಲಿ ಮೊಟ್ಟೆ ಇಡಲು ಅದೇ ಒಪ್ಪುವುದಿಲ್ಲ. ನಾಲ್ಕೈದು ಹೇಂಟೆಗೆ ಒಂದು ಗೂಡು ಸಾಕು. ಮೂರು ಗೂಡಿದ್ದರೂ ಎಲ್ಲಕ್ಕೂ ಒಂದೇ ಗೂಡು ಬೇಕು, ಅದು ಬೇರೆ ಮಾತು. ಒಂದು ಒಳಗೆ ಕೂತಿರುವಾಗ ಇನ್ನೊಂದು ಬಾಗಿಲಲ್ಲಿ ನಿಂತು ಬೈಯುತ್ತಾ ಕಾಯುವುದನ್ನು ನೀವೂ ನೋಡುತ್ತೀರಿ.

ಬಿದಿರಿನ ಬುಟ್ಟಿ

ನಮ್ಮ ಕಡೆ ಹಳೇ ಕಾಲದಿಂದ ಇರುವುದು ಇದೇ. ಕೊಟ್ಟಿಗೆಯ ಗೋಡೆಗೆ, ಮಾಡಿನ ಅಡಿಗೆ, ಹಗ್ಗದಲ್ಲಿ ಕಟ್ಟಿದ ಹಳೇ ಬುಟ್ಟಿ, ಒಳಗೆ ಒಂದು ಹಿಡಿ ಹುಲ್ಲು. ಕಾರವಾರದ ಭಾನುವಾರದ ಸಂತೆಯಲ್ಲೋ ಶಿರಸಿಯ ಮಂಗಳವಾರದ ಸಂತೆಯಲ್ಲೋ ಹುಡುಕಿದರೆ ಬುಟ್ಟಿ ಸಿಗುತ್ತದೆ. ನಾನು ಕೊಟ್ಟಿದ್ದು 250 ರೂಪಾಯಿ. ಗೊಬ್ಬರ ಹೊತ್ತು ಹಳತಾದ ಹೆಡಿಗೆ ಮನೆಯಲ್ಲೇ ಇದ್ದರೆ ಅದೂ ಇಲ್ಲ.

ನಾಟಿ ಹೇಂಟೆಗೆ ಇದಕ್ಕಿಂತ ಇಷ್ಟವಾದ ಗೂಡು ನಾನು ನೋಡಿಲ್ಲ. ಬುಟ್ಟಿಯ ತಳ ಬಟ್ಟಲಿನ ಹಾಗೆ ಗುಂಡಗಿರುತ್ತದೆ. ಮೊಟ್ಟೆ ನಡುವೆಯೇ ನಿಲ್ಲುತ್ತದೆ, ಒಡೆಯುವುದು ಕಡಿಮೆ. ಹೆಣೆದ ಸಂದಿನಿಂದ ಗಾಳಿ ಆಡುತ್ತದೆ, ಹಾಗಾಗಿ ಏಪ್ರಿಲ್ ಸೆಕೆಯಲ್ಲೂ ಒಳಗೆ ಕೂರಲು ಆಗುತ್ತದೆ. ಕಾವಿಗೂ ಇದೇ ಚಲೋ. 21 ದಿನ ಒಂದೇ ಕಡೆ ಕೂರುವ ಹೇಂಟೆಗೆ ಬೇಕಾದ್ದು ಅದೇ ಆಕಾರ.

ಒಮ್ಮೆ ಹತ್ತಿರ ನಿಂತು ನೋಡಿ. ಬೆಳಗ್ಗೆ ಎಂಟೂವರೆ ಹೊತ್ತಿಗೆ ನಮ್ಮ ಕೆಂಪು ಹೇಂಟೆ ಬುಟ್ಟಿಯ ಅಂಚಿಗೆ ಹಾರುತ್ತದೆ. ಕುತ್ತಿಗೆ ಉದ್ದ ಮಾಡಿ ಒಂದು ಕಣ್ಣಲ್ಲಿ ಒಳಗೆ ನೋಡುತ್ತದೆ. ಇಳಿದು ಎರಡು ಸುತ್ತು ತಿರುಗುತ್ತದೆ. ಎದೆಯಿಂದ ಹುಲ್ಲನ್ನು ಒತ್ತಿ ಕುಳಿ ಮಾಡುತ್ತದೆ. ಕೂತ ಮೇಲೆ ಕೈಗೆ, ಅಲ್ಲ ಕೊಕ್ಕಿಗೆ, ಸಿಕ್ಕಿದ ಒಂದೊಂದೇ ಎಳೆ ಎತ್ತಿ ತನ್ನ ಬೆನ್ನ ಮೇಲೆ ಹಾಕಿಕೊಳ್ಳುತ್ತದೆ, ತನ್ನನ್ನೇ ಮುಚ್ಚಿಕೊಳ್ಳುವ ಹಾಗೆ. ಅರ್ಧ ಗಂಟೆ ಸದ್ದಿಲ್ಲ. ಆಮೇಲೆ ಸ್ವಲ್ಪ ಎದ್ದು ನಿಲ್ಲುತ್ತದೆ, ಮೊಟ್ಟೆ ಬೀಳುತ್ತದೆ. ಆ ಗಳಿಗೆ ಮುಟ್ಟಿದರೆ ಅದು ಒದ್ದೆ. ಕಣ್ಣೆದುರೇ ಆ ಹೊಳಪು ಆರಿ ಮಂಕಾಗುತ್ತದೆ. ಆರಿದ ಆ ತೆಳು ಪೊರೆಯೇ ಮೊಟ್ಟೆಯ ರಕ್ಷೆ, ಹೊರಗಿನ ಕೊಳಕು ಒಳಗೆ ಇಳಿಯದ ಹಾಗೆ ತಡೆಯುತ್ತದೆ. ಗೂಡು ಕೊಳಕಾಗಿದ್ದರೆ, ಆಮೇಲೆ ನಾವು ತಣ್ಣೀರಲ್ಲಿ ಉಜ್ಜಿ ತೊಳೆದರೆ, ಆ ರಕ್ಷೆಯೇ ಹೋಯಿತು. ಗೂಡು ಸ್ವಚ್ಛ ಇರಬೇಕು ಅನ್ನುವುದು ಇದಕ್ಕೇ.

ಬುಟ್ಟಿಯ ದೋಷವೂ ಆ ಹೆಣಿಗೆಯೇ. ಹೇನು ಸೇರಿಕೊಂಡರೆ ಪ್ರತಿ ಸಂದಿಯೂ ಅದಕ್ಕೆ ಮನೆ. ತೊಳೆದರೆ ಮಳೆಗಾಲದಲ್ಲಿ ಒಣಗುವುದಿಲ್ಲ. ವರ್ಷಕ್ಕೊಮ್ಮೆ ಸುಟ್ಟು ಹೊಸದು ಕಟ್ಟುವುದೇ ಸುಲಭ ಅಂತ ನನಗೆ ಅನ್ನಿಸಿದೆ. ನಡುವೆ ಬಿಸಿಲು ಬಿದ್ದ ದಿನ ಹುಲ್ಲು ತೆಗೆದು ಬೋರಲು ಹಾಕಿ. ಲಕ್ಕಿ ಸೊಪ್ಪು ಸಿಕ್ಕರೆ ಹುಲ್ಲಿನ ಅಡಿಗೆ ನಾಲ್ಕು ಎಸಳು ಇಡಿ. ಹೇನಿಗೆ ನಮ್ಮ ಹಿರಿಯರು ಮಾಡುತ್ತಿದ್ದದ್ದು ಅದೇ. ಮೇಲೆ ಮುಚ್ಚಿಗೆ ಇಲ್ಲದ್ದರಿಂದ ಕಾಗೆ, ಕೆಂಬೂತಕ್ಕೆ ಇದು ತೆರೆದ ಬಾಗಿಲು. ಕೊಟ್ಟಿಗೆ ಒಳಗೆ ಕಟ್ಟಿದರೆ ಪರವಾಗಿಲ್ಲ. ಹೊರಗೆ ಕಟ್ಟುವುದಾದರೆ ಬುಟ್ಟಿ ಬೇಡ.

ಇನ್ನೊಂದು ಮಾತು. ಗಿರಿರಾಜ, ಸ್ವರ್ಣಧಾರದಂಥ ಭಾರದ ಕೋಳಿಗಳಿಗೆ ತೂಗುವ ಬುಟ್ಟಿ ಆಗುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಈ ತಳಿಗಳು ಹಿತ್ತಲಿಗೆಂದೇ ಬಂದವು, ನಿಜ. ಆದರೆ ಗಿರಿರಾಜದ ಹೇಂಟೆ ಮೂರು ಕಿಲೋ ದಾಟುತ್ತದೆ. ನಾಟಿ ಹೇಂಟೆ ಅದರ ಅರ್ಧ. ಭಾರದ್ದು ಅಂಚಿಗೆ ಹಾರಿದರೆ ಬುಟ್ಟಿ ಓಲಾಡುತ್ತದೆ, ಒಮ್ಮೆ ಹೆದರಿದ್ದು ಮತ್ತೆ ಆ ಕಡೆ ಬರುವುದಿಲ್ಲ.

ಪ್ಲಾಸ್ಟಿಕ್ ಕ್ರೇಟ್, ಬಕೆಟ್

ಮೀನಿನ ಹಳೇ ಕ್ರೇಟ್, ತರಕಾರಿ ಕ್ರೇಟ್, 20 ಲೀಟರಿನ ಪೇಂಟ್ ಡಬ್ಬಿ ಅಡ್ಡ ಮಲಗಿಸಿದ್ದು, ಇವೆಲ್ಲ ಒಂದೇ ಜಾತಿ. ಕಡಿಮೆ ದುಡ್ಡು, ಕೆಲವೊಮ್ಮೆ ಬಿಟ್ಟಿ. ಇದರ ದೊಡ್ಡ ಗುಣ ಒಂದೇ, ಆದರೆ ಅದು ಸಣ್ಣದಲ್ಲ: ತೊಳೆಯಬಹುದು. ಹೇನು ಬಿತ್ತಾ, ಸೋಪಿನ ನೀರು ಹಾಕಿ ಉಜ್ಜಿ, ಒರೆಸಿ, ಅರ್ಧ ಗಂಟೆಯಲ್ಲಿ ವಾಪಸ್ ಇಡಿ. ನೀರು ಕುಡಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಉಪ್ಪುಗಾಳಿ ಬೀಸುವ ಕಾರವಾರದಲ್ಲಿ ಇದು ಸಣ್ಣ ಲಾಭ ಅಲ್ಲ.

ಮೀನಿನ ಕ್ರೇಟ್ ಆದರೆ ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಬಿಸಿಲಿಗೆ ಹಾಕಿ. ಕೋಳಿಗೆ ತೊಂದರೆ ಇಲ್ಲ, ಬೆಕ್ಕು ಬರುತ್ತದೆ.

ಕ್ರೇಟಿನ ತೊಂದರೆ ಬೆಳಕು. ನಾಲ್ಕೂ ಕಡೆ ಕಿಂಡಿ. ಹೇಂಟೆಗೆ ಅದು ಗೂಡಲ್ಲ, ಬಸ್‌ಸ್ಟ್ಯಾಂಡು. ಮಗ್ಗುಲಾಗಿ ಮಲಗಿಸಿ, ಮೇಲೆ ಗೋಣಿಚೀಲ ಹೊದೆಸಿ, ಮುಂದೆ ಅರ್ಧ ಬಾಗಿಲು ಮುಚ್ಚುವಷ್ಟು ಚೀಲ ಇಳಿಬಿಡಿ. ಇಷ್ಟು ಮಾಡಿದರೆ ಅದೇ ಕ್ರೇಟಿಗೆ ಎರಡನೇ ದಿನವೇ ಒಂದು ಹೇಂಟೆ ನುಗ್ಗುವುದನ್ನು ನೋಡಿದ್ದೇನೆ. ಬಕೆಟ್ ಕತ್ತಲೇನೋ ಕೊಡುತ್ತದೆ, ಆದರೆ ಮೇ ತಿಂಗಳ ಮಧ್ಯಾಹ್ನ ಒಳಗೆ ಕೈ ಹಾಕಿ ನೋಡಿ, ಒಲೆ. ಹಿಂದೆ ನಾಲ್ಕು ತೂತು ಕೊರೆಯದೆ ಬಕೆಟ್ ಇಡಬೇಡಿ. ಉರುಳದ ಹಾಗೆ ಎರಡು ಬದಿಗೂ ಚಿರೆಕಲ್ಲು ಕೊಡಿ. ಪ್ಲಾಸ್ಟಿಕ್ ತಳ ನುಣುಪು. ಹಾಸು ನಾಲ್ಕು ಬೆರಳು ದಪ್ಪ ಇರದಿದ್ದರೆ ಕಾಲು ಜಾರುತ್ತದೆ, ಮೊಟ್ಟೆ ತಳಕ್ಕೆ ಬಡಿದು ಬಿರುಕು ಬಿಡುತ್ತದೆ.

ಹಲಗೆ ಪೆಟ್ಟಿಗೆ

ಮೊದಲೇ ಹೇಳಿದೆನಲ್ಲ, ನನ್ನ ಜೇಡರ ಬಲೆಯ ಪೆಟ್ಟಿಗೆ. ಮನೆಯಲ್ಲಿ ಬಿದ್ದಿದ್ದ ಮಾವಿನ ಹಲಗೆ, ಮೂರು ಕೋಣೆ, ಕೂಲಿ ಮತ್ತು ಮೊಳೆ ಸೇರಿ 1400 ರೂಪಾಯಿ ಆಯಿತು. ತಪ್ಪು ಪೆಟ್ಟಿಗೆಯದ್ದಲ್ಲ, ಇಟ್ಟ ಜಾಗದ್ದು. ಅಂಗಳದಿಂದ ಎತ್ತಿ ಕೊಟ್ಟಿಗೆಯ ಒಳಮೂಲೆಗೆ ಸರಿಸಿ, ಮುಂದೆ ಚೀಲ ಇಳಿಬಿಟ್ಟೆ. ಎರಡು ವಾರದಲ್ಲಿ ಆರರಲ್ಲಿ ನಾಲ್ಕು ಹೇಂಟೆ ಅದರಲ್ಲೇ ಇಡತೊಡಗಿದವು. ಅದೇ ಹಲಗೆ, ಅದೇ ಮೊಳೆ.

ಹತ್ತಕ್ಕಿಂತ ಜಾಸ್ತಿ ಕೋಳಿ ಇದ್ದವರಿಗೆ ನಾನು ಹೇಳುವುದು ಇದನ್ನೇ. ಕತ್ತಲು ಚೆನ್ನಾಗಿ ಬರುತ್ತದೆ. ಮೇಲೆ ಇಳಿಜಾರು ಮುಚ್ಚಳ ಹಾಕಿದರೆ ಕೋಳಿ ಅದರ ಮೇಲೆ ಕೂರುವುದಿಲ್ಲ. ಹಿಂದೆ ಬಿಜಾಗರಿ ಹಾಕಿದ ಬಾಗಿಲು ಇಟ್ಟರೆ ಕೋಳಿಮನೆಯ ಒಳಗೆ ಹೋಗದೆ ಹೊರಗಿನಿಂದಲೇ ಮೊಟ್ಟೆ ತೆಗೆಯಬಹುದು. ಅರ್ಧ ಇಂಚಿನ ಮೆಷ್ ಹೊಡೆದರೆ ಮುಂಗುಸಿ, ಹಾವಿನ ಕಾಟವೂ ಕಮ್ಮಿ.

ಪ್ಲೈವುಡ್ ಮಾತ್ರ ಬೇಡ. ನೋಡಲು ಚಂದ, ಬೇಗ ಆಗುತ್ತದೆ, ಮೊದಲ ಮಳೆಗಾಲಕ್ಕೇ ಅಂಚು ಉಬ್ಬಿ ಪದರ ಬಿಡುತ್ತದೆ. ಆ ಪದರದ ನಡುವೆ ಹೇನಿನ ಸಂಸಾರ ಶುರು. ಮರದ ಮಿಲ್ಲಿನಲ್ಲಿ ಸಿಗುವ ಒರಟು ಹಲಗೆಯೇ ಸಾಕು. ತಳದ ಹಲಗೆಯನ್ನು ಮೊಳೆ ಹೊಡೆಯದೆ ಸುಮ್ನೆ ಕೂರಿಸಿ, ಎತ್ತಿ ಬಿಸಿಲಿಗೆ ಹಾಕಲು ಬರುತ್ತದೆ. ಕೈ ದುಡ್ಡು ಸಾಲದಿದ್ದರೆ ಅಡಿಕೆ ದಬ್ಬೆಯಲ್ಲಿ ಮಾಡಿ, ಒಳಗೆ ಅಡಿಕೆ ಹಾಳೆ ಹಾಸಿ ಸಂದು ಮುಚ್ಚಿ. ಶಿರಸಿ ಕಡೆ ಹಾಳೆಗೆ ಬರವಿಲ್ಲ, ಕೊಳೆತರೆ ಎಸೆದು ಹೊಸ ಹಾಳೆ ಹಾಸಿದರೆ ಆಯಿತು.

ಚಿರೆಕಲ್ಲಿನ ಗೋಡೆಯಲ್ಲೇ ಮಾಡ ಬಿಟ್ಟು ಗೂಡು ಮಾಡುವವರೂ ಇದ್ದಾರೆ. ತಂಪು, ಕತ್ತಲು, ಗಟ್ಟಿ. ಆದರೆ ಗೋಡೆ ಮಳೆಯ ದಿಕ್ಕಿಗಿದ್ದರೆ ಕಲ್ಲು ನೀರು ಕುಡಿದು ಒಳಗೆ ಬೆವರುತ್ತದೆ. ಹೊಸದಾಗಿ ಕಟ್ಟುವಾಗ ಯೋಚಿಸಬಹುದು, ಇದ್ದ ಗೋಡೆ ಒಡೆಯಬೇಡಿ.

ಮೊಟ್ಟೆ ತಾನೇ ಉರುಳುವ ಗೂಡು

ಇದರ ತಳ ಒಂದು ಅಡಿಗೆ ಒಂದೂವರೆ ಎರಡು ಇಂಚು ಇಳಿಜಾರು. ಮೊಟ್ಟೆ ಇಟ್ಟ ಕೂಡಲೇ ನಿಧಾನ ಉರುಳಿ ಮುಂದಿನದ್ದೋ ಹಿಂದಿನದ್ದೋ ತಟ್ಟೆಗೆ ಬಂದು ಮುಚ್ಚಳದ ಅಡಿ ನಿಲ್ಲುತ್ತದೆ. ಕೋಳಿಗೆ ಸಿಗುವುದಿಲ್ಲ, ಕಾಗೆಗೆ ಕಾಣುವುದಿಲ್ಲ, ಕೊಳಕಾಗುವುದಿಲ್ಲ. ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತಿದ ಕೋಳಿಗಳಿದ್ದರೆ ಇದಕ್ಕೆ ಸಮನಾದ ಮದ್ದಿಲ್ಲ. ದಿನವಿಡೀ ಕೆಲಸಕ್ಕೆ ಹೋಗಿ ಸಂಜೆ ಬರುವವರಿಗೂ ಅನುಕೂಲ.

ನಾನೂ ಒಂದು ತರಿಸಿ ನೋಡಿದೆ. ಎರಡು ಕೋಣೆಯದ್ದಕ್ಕೆ ನಾಲ್ಕು ಸಾವಿರದ ಮೇಲೆ ಬಿತ್ತು. ಕಳಿಸಿದವರು ತಗಡಿಗೆ ತುಕ್ಕು ಹಿಡಿಯುವುದಿಲ್ಲ ಅಂದಿದ್ದರು. ನಮ್ಮ ಮನೆಯಿಂದ ಸಮುದ್ರ ಎರಡು ಕಿಲೋಮೀಟರ್. ಒಂದೇ ಮಳೆಗಾಲಕ್ಕೆ ಸ್ಕ್ರೂ ಇದ್ದ ಕಡೆಯೆಲ್ಲ ಕೆಂಪು ಇಳಿಯಿತು. ಫೋನ್ ಮಾಡಿದರೆ "ಕವರ್ ಹಾಕಿ ಇಡಿ ಮೇಡಂ" ಅಂದರು. ಕೋಳಿ ಗೂಡಿಗೆ ಕವರ್!

ತುಕ್ಕಿಗಿಂತ ದೊಡ್ಡ ತೊಡಕು ಹೇಂಟೆಯದ್ದೇ. ಇದರಲ್ಲಿ ಹುಲ್ಲು ಇರುವುದಿಲ್ಲ, ಹುಲ್ಲಿದ್ದರೆ ಮೊಟ್ಟೆ ಉರುಳುವುದಿಲ್ಲ. ತಳಕ್ಕೆ ರಬ್ಬರಿನದ್ದೋ ಪ್ಲಾಸ್ಟಿಕ್ಕಿನದ್ದೋ ಚಾಪೆ. ಎದೆಯಿಂದ ಒತ್ತಲು ಏನೂ ಇಲ್ಲ, ಬೆನ್ನ ಮೇಲೆ ಹಾಕಿಕೊಳ್ಳಲು ಎಳೆ ಇಲ್ಲ. ತಾನಿಟ್ಟ ಮೊಟ್ಟೆ ತಿರುಗಿ ನೋಡಿದರೆ ಮಾಯ. ನಮ್ಮ ನಾಟಿ ಹೇಂಟೆಗಳು ಮೂರು ದಿನ ಇಣುಕಿ ನೋಡಿ ಸೌದೆ ಮನೆಗೇ ಹೋದವು. ಮರಿಯಿಂದಲೇ ಅದರ ಜೊತೆ ಬೆಳೆದ ಮೊಟ್ಟೆ ತಳಿಯ ಕೋಳಿಗಳಾದರೆ ಒಗ್ಗಿಕೊಳ್ಳುತ್ತವೆ. ಕಾವಿಗೆ ಕೂರಿಸುವ ಆಸೆ ಇದ್ದವರು ಮಾತ್ರ ಇದರ ಹತ್ತಿರ ಸುಳಿಯಬೇಡಿ.

ಒಳಗೆ ಏನು ಹಾಸುವುದು

ಭತ್ತದ ಹುಲ್ಲು ಹೇಂಟೆಗೆ ಅಚ್ಚುಮೆಚ್ಚು, ಆದರೆ ಮಳೆಗಾಲದಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ. ಉಮಿ ಒಣಗಿಯೇ ಇರುತ್ತದೆ, ಅಕ್ಕಿ ಗಿರಣಿಯಲ್ಲಿ ಸಿಗುತ್ತದೆ. ಆದರೆ ಕೆರೆದಾಗ ಚೆಲ್ಲಿ ಹೋಗಿ ಗೂಡು ಬರಿದಾಗುತ್ತದೆ. ನಾನು ಕೆಳಗೆ ಮೂರು ಬೆರಳು ಉಮಿ, ಮೇಲೆ ಒಂದು ಹಿಡಿ ಹುಲ್ಲು ಹಾಕುತ್ತೇನೆ. ಜೂನ್ ಆದ ಮೇಲೆ ವಾರಕ್ಕೊಮ್ಮೆ ಹುಲ್ಲಷ್ಟೇ ಬದಲು. ಬಡಗಿಯ ಹತ್ತಿರ ಸಿಗುವ ಮರ ಕೀಸಿದ ಸುರುಳಿ ಸಿಪ್ಪೆ ಇವೆರಡಕ್ಕಿಂತ ಒಳ್ಳೆಯದು. ಗರಗಸದ ಹುಡಿ ಬೇಡ, ಧೂಳು ಜಾಸ್ತಿ. ಕೊಟ್ಟಿಗೆಗೆ ಹಾಕುವ ತರಗೆಲೆ ಮೇ ತಿಂಗಳವರೆಗೆ ನಡೆಯುತ್ತದೆ, ಆಮೇಲೆ ಅದರ ಜೊತೆ ಇರುವೆ, ಚೇಳು ಒಳಗೆ ಬರುತ್ತವೆ.

ಹೇಂಟೆಯನ್ನು ಗೂಡಿಗೆ ಒಗ್ಗಿಸುವ ದಾರಿಗಳು

ಗೂಡು ತಂದರೆ ಅರ್ಧ ಕೆಲಸ. ಇಲ್ಲೂ ಎರಡು ಮೂರು ದಾರಿ ಇದೆ, ನಿಮ್ಮ ದಿನಚರಿ ನೋಡಿ ಆರಿಸಬೇಕು.

ಹೊಸ ಹೇಂಟೆ ಆದರೆ ಕಾಲ ಮುಖ್ಯ. ಐದಾರು ತಿಂಗಳು ತುಂಬುವಾಗ ಜುಟ್ಟು ಕೆಂಪೇರುತ್ತದೆ, ಬೆನ್ನ ಮೇಲೆ ಕೈ ಇಟ್ಟರೆ ಕುಸಿದು ಕೂರುತ್ತದೆ, ಮೂಲೆ ಮೂಲೆ ಇಣುಕುತ್ತಾ ಎಳೆದು ಎಳೆದು ಕೂಗುತ್ತದೆ. ಅಷ್ಟರೊಳಗೆ ಗೂಡು ಅಲ್ಲಿ ಇರಬೇಕು, ಎರಡು ಮೂರು ವಾರ ಮೊದಲೇ. ಮೊದಲ ನಾಲ್ಕೈದು ಮೊಟ್ಟೆ ಎಲ್ಲಿಟ್ಟಿತೋ ಅದೇ ಅದರ ಮನೆ. ಆಮೇಲೆ ಬಿಡಿಸುವುದು ಕಷ್ಟ.

ಸುಲಭದ ದಾರಿ ಸುಳ್ಳು ಮೊಟ್ಟೆ. ಮೊಟ್ಟೆ ಇರುವ ಕಡೆ ಮೊಟ್ಟೆ ಇಡುವುದು ಹೇಂಟೆಯ ಗುಣ. ಮರದ ಮೊಟ್ಟೆ, ಪಿಂಗ್‌ಪಾಂಗ್ ಚೆಂಡು, ಹೊಳೆಯ ನುಣುಪು ಬಿಳಿ ಕಲ್ಲು, ಯಾವುದಾದರೂ ನಡೆಯುತ್ತದೆ. ಚೆಂಡು ಹಗುರ, ಕೋಳಿ ಕಾಲಿಗೆ ಸಿಕ್ಕು ಹೊರಗೆ ಬೀಳುತ್ತದೆ. ನನಗೆ ಸರಿ ಬಂದದ್ದು ಖಾಲಿ ಚಿಪ್ಪಿಗೆ ಪ್ಲಾಸ್ಟರ್ ತುಂಬಿ ಒಣಗಿಸಿದ್ದು. ಸಂಜೆ ಅದನ್ನು ತೆಗೆದಿಡಿ. ಹಾವು ನಿಜದ್ದು ಅಂತ ನುಂಗಿದರೆ ಕರಗುವುದಿಲ್ಲ, ಉಗುಳಲೂ ಆಗದೆ ಸಾಯುತ್ತದೆ.

ಗಟ್ಟಿ ದಾರಿ ಕೂಡಿಹಾಕುವುದು. ಹೇಂಟೆ ಹೆಚ್ಚಾಗಿ ಬೆಳಕು ಹರಿದ ಐದಾರು ಗಂಟೆಯ ಒಳಗೆ ಮೊಟ್ಟೆ ಇಡುತ್ತದೆ. ವಾರ ಹತ್ತು ದಿನ ಹನ್ನೊಂದು ಗಂಟೆವರೆಗೆ ಹೊರಗೆ ಬಿಡಬೇಡಿ. ಒಳಗೆ ನೀರು, ಕಾಳು, ಗೂಡು, ಸುಳ್ಳು ಮೊಟ್ಟೆ ಇರಲಿ. ಇದು ಕೆಲಸ ಕೊಡುವಷ್ಟು ಬೇರೆ ಯಾವುದೂ ಕೊಡುವುದಿಲ್ಲ. ಆದರೆ ಹತ್ತು ಕೋಳಿ ಅರ್ಧ ದಿನ ಸಣ್ಣ ಕೋಳಿಮನೆಯಲ್ಲಿದ್ದರೆ ಒಂದಕ್ಕೊಂದು ಕುಕ್ಕುತ್ತವೆ, ಸೆಕೆಗೆ ಬಾಯಿ ಬಿಡುತ್ತವೆ. ಜಾಗ ಇದ್ದವರಿಗೆ, ಬೆಳಗ್ಗೆ ಮನೆಯಲ್ಲಿರುವವರಿಗೆ ಈ ದಾರಿ. ಮೇ ತಿಂಗಳಲ್ಲಿ ಬೇಡ. ಒಂದೊಂದು ಮೊಟ್ಟೆಗೆ 24 ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕಾಗುವುದರಿಂದ ದಿನದಿಂದ ದಿನಕ್ಕೆ ಹೊತ್ತು ಮುಂದೆ ಹೋಗುತ್ತದೆ. ಹನ್ನೊಂದಕ್ಕೆ ಬಿಟ್ಟ ಮೇಲೂ ಒಂದು ಹೇಂಟೆ ಎಲ್ಲೋ ಮರೆಗೆ ಓಡಿದರೆ ನಿಮ್ಮ ತಪ್ಪಲ್ಲ.

ಕೋಳಿ ಪೂರ್ತಿ ಬಿಟ್ಟೇ ಸಾಕುವವರಿಗೆ ಉಳಿದದ್ದು ಹಿಂಬಾಲಿಸುವುದು. ಮೊಟ್ಟೆ ಇಟ್ಟ ಹೇಂಟೆ ಎದ್ದು ಕೂಗುತ್ತದಲ್ಲ, ಆ ಸದ್ದು ಬಂದ ಕಡೆ ಹೋಗಿ ನೋಡಿ. ಕಳ್ಳ ಗೂಡು ಸಿಕ್ಕರೆ ಮೊಟ್ಟೆ ತೆಗೆದು ಅಲ್ಲಿ ಕಲ್ಲು ಹೇರಿ. ಅದಕ್ಕಿಂತ ಚಲೋ ಉಪಾಯ, ಅದೇ ಜಾಗದಲ್ಲಿ ಒಂದು ಬುಟ್ಟಿಯನ್ನೇ ಇಡುವುದು. ನಮ್ಮ ಸೌದೆ ರಾಶಿಯ ಹಿಂದೆ ನಾನು ಮಾಡಿದ್ದು ಅದೇ. ಹೇಂಟೆಯ ಜೊತೆ ಜಗಳ ಬೇಡ ಅಂತ.

ಯಾವ ಗೂಡಾದರೂ ನೋಡದೆ ಕೈ ಹಾಕಬೇಡಿ. ಮಳೆಗಾಲದ ಸಂಜೆ ಬೆಚ್ಚಗಿನ ಹುಲ್ಲು ನಾಗರಕ್ಕೂ ಇಷ್ಟ. ಮೊದಲು ಟಾರ್ಚ್, ಆಮೇಲೆ ಕೈ. ಗೂಡು ತಲೆಗಿಂತ ಎತ್ತರ ಇರಬಾರದು ಅನ್ನುವುದೂ ಇದಕ್ಕೇ.

ಒಡೆದ ಮೊಟ್ಟೆ ಮತ್ತೆ ಮತ್ತೆ ಸಿಗುತ್ತಿದ್ದರೆ ಗೂಡು ಬದಲಿಸುವ ಮೊದಲು ತಿನ್ನಿಸುವುದನ್ನು ನೋಡಿ. ಚಿಪ್ಪು ತೆಳು ಇದ್ದರೆ ಎಂಥ ಗೂಡಲ್ಲೂ ಒಡೆಯುತ್ತದೆ. ಒಡೆದದ್ದರ ರುಚಿ ಹತ್ತಿದ ಕೋಳಿ ಆಮೇಲೆ ಒಡೆಯದ್ದನ್ನೂ ಬಿಡುವುದಿಲ್ಲ. ಇದಕ್ಕೆ ನಾವು ಪೇಟೆಗೆ ಹೋಗಬೇಕಾಗಿಲ್ಲ. ಅಘನಾಶಿನಿ ಅಳಿವೆಯ ಬೆಳಚು ಅನ್ನುವ ಚಿಪ್ಪುಮೀನು ತಿಂದು ಎಸೆದ ಚಿಪ್ಪು ತೊಳೆದು, ಒಣಗಿಸಿ, ಜೋಳದ ಕಾಳಿನಷ್ಟು ಕುಟ್ಟಿ ಬೇರೆ ಬಟ್ಟಲಲ್ಲಿ ಇಡಿ. ಬೇಕಾದಷ್ಟನ್ನು ಹೇಂಟೆಯೇ ತಿನ್ನುತ್ತದೆ.

ಕೊನೆಗೆ ಮೂವರಿಗೆ ಹೇಳಿದ್ದು

ಶಿರಸಿ ಅತ್ತಿಗೆಗೆ ಬುಟ್ಟಿಯೇ ಅಂದೆ. ನಾಟಿ ಕೋಳಿ, ಕೊಟ್ಟಿಗೆ ಇದೆ, ಮರಿ ಮಾಡಿಸುವ ಮನಸ್ಸಿದೆ. ಎರಡು ಬುಟ್ಟಿ, ಒಂದು ಮೊಟ್ಟೆಗೆ, ಇನ್ನೊಂದು ಕಾವಿಗೆ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ಒಂದೇ ಬುಟ್ಟಿ ಇದ್ದರೆ ಉಳಿದವು ಅದರ ಮೇಲೇ ಹತ್ತುತ್ತವೆ.

ಕೋಡಿಬಾಗದ ತಮ್ಮನಿಗೆ ಕ್ರೇಟ್. ಬಾಡಿಗೆ ಮನೆ, ನಾಲ್ಕು ಕೋಳಿ, ಉಪ್ಪುಗಾಳಿ. ಒಂದು ಕ್ರೇಟ್, ಒಂದು ಗೋಣಿಚೀಲ, ಎರಡು ಚಿರೆಕಲ್ಲು. ಮನೆ ಬದಲಿಸಿದರೆ ಎತ್ತಿಕೊಂಡು ಹೋಗಬಹುದು. "ಅಕ್ಕ, ಇಷ್ಟೇನಾ?" ಅಂದ. ಇಷ್ಟೇ.

ಗೆಳತಿಯದ್ದು ಕಷ್ಟದ ಲೆಕ್ಕ. 20 ಸ್ವರ್ಣಧಾರ, ಮೊಟ್ಟೆ ಮಾರುವ ಯೋಚನೆ. ಅಷ್ಟು ಕೋಳಿಗೆ ಉರುಳುವ ಗೂಡು ತರಿಸಿದರೆ ಹತ್ತು ಸಾವಿರದ ಹತ್ತಿರ ಹೋಗುತ್ತದೆ, ತುಕ್ಕು ಬೇರೆ. ಐದು ಕೋಣೆಯ ಹಲಗೆ ಪೆಟ್ಟಿಗೆ ಮಾಡಿಸು, ಕೋಣೆ 14 ಇಂಚು ಇರಲಿ, ಮುಂದೆ ಹತ್ತಿ ನಿಲ್ಲಲು ಒಂದು ಪಟ್ಟಿ ಕೊಡು, ದಿನಕ್ಕೆ ಎರಡು ಸಲ ಮೊಟ್ಟೆ ತೆಗೆ ಅಂದೆ. ಮೊಟ್ಟೆ ತಿನ್ನುವ ಚಟ ಕಂಡರೆ ಆಗ ಅದೇ ಪೆಟ್ಟಿಗೆಯ ತಳವನ್ನು ಇಳಿಜಾರು ಮಾಡಿ, ಹಿಂದೆ ತಟ್ಟೆ ಕೊಡಬಹುದು. ಅವಳಿಗೆ ಪೂರ್ತಿ ಸಮಾಧಾನ ಆದಂತಿಲ್ಲ. ತಗಡಿನ ಗೂಡಿನ ಫೋಟೋ ಇನ್ನೂ ಕಳಿಸುತ್ತಿರುತ್ತಾಳೆ.

ನಮ್ಮ ಮನೆಯಲ್ಲಿ ಈಗ ಹಲಗೆ ಪೆಟ್ಟಿಗೆಯೂ ಇದೆ, ಸೌದೆ ಹಿಂದಿನ ಬುಟ್ಟಿಯೂ ಇದೆ. ಕರಿ ಹೇಂಟೆ ಮಾತ್ರ ಎರಡೂ ಬಿಟ್ಟು ತೆಂಗಿನಕಾಯಿ ರಾಶಿಯ ಸಂದಿನಲ್ಲಿ ಇಡುತ್ತದೆ. ಹಾಗೆ ತಡವಾಗಿ ಸಿಕ್ಕ ಮೊಟ್ಟೆಯನ್ನು ನಾನು ನೀರಿಗೆ ಬಿಟ್ಟು ನೋಡುತ್ತೇನೆ. ತಳದಲ್ಲಿ ಅಡ್ಡ ಮಲಗಿದರೆ ಹೊಸದು. ತಳದಲ್ಲೇ ನೆಟ್ಟಗೆ ನಿಂತರೆ ಹಳತು; ಬೇರೆ ಬಟ್ಟಲಲ್ಲಿ ಒಡೆದು, ಮೂಸಿ ನೋಡಿ, ಚೆನ್ನಾಗಿ ಬೇಯಿಸಿದರೆ ನಡೆಯುತ್ತದೆ. ತೇಲಿದ್ದನ್ನು ಒಡೆಯಲೇ ಹೋಗುವುದಿಲ್ಲ. ನಾಯಿಗೆ ಸಿಗದಷ್ಟು ಆಳದ ಗುಂಡಿ ತೋಡಿ ತೆಂಗಿನ ಬುಡಕ್ಕೆ ಹಾಕುತ್ತೇನೆ.